ಕೊಲೆ ಪ್ರಕರಣದಲ್ಲಿ ಸಾಬೀತಾದದ್ದು ಯಾವುದು, ‘ಅಂತೆ’ ಯಾವುದು? ಹಂತ ಹಂತವಾಗಿ ಬೇರೆ ಮಾಡುವ ಬಗೆ

ಕನ್ನಡದಲ್ಲಿ ಒಂದು ಪುಟ್ಟ ಬಾಲವಿದೆ. ‘ಅವನು ರಾತ್ರಿ ಹತ್ತಕ್ಕೆ ಬಂದ’ ಅನ್ನುವುದು ಒಂದು ಮಾತು. ‘ಬಂದನಂತೆ’ ಅನ್ನುವುದು ಬೇರೆಯೇ ಮಾತು. ಎರಡನೆಯದನ್ನು ಹೇಳುವವರು ‘ನಾನು ನೋಡಿಲ್ಲ, ಯಾರೋ ಹೇಳಿದ್ದು’ ಎಂದು ಆ ಬಾಲದಲ್ಲೇ ಒಪ್ಪಿಕೊಂಡಿರುತ್ತಾರೆ.

ಕೊಲೆಯ ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಮೊದಲು ಉದುರುವುದು ಈ ಬಾಲವೇ. ಬೆಳಿಗ್ಗೆ ‘ಮನೆಯಲ್ಲಿ ಜಗಳ ಆಗಿತ್ತಂತೆ’. ಮಧ್ಯಾಹ್ನ ‘ಜಗಳ ಆಗಿತ್ತು’. ಸಂಜೆಗೆ ‘ಜಗಳವೇ ಕೊಲೆಗೆ ಕಾರಣ’. ನಡುವೆ ಹೊಸ ಪುರಾವೆ ಒಂದೂ ಬಂದಿಲ್ಲ. ಬಾಲ ಬಿದ್ದುಹೋಗಿದೆ, ಅಷ್ಟೇ.

ಬಿದ್ದ ಬಾಲವನ್ನು ಹುಡುಕಿ ಮತ್ತೆ ಅದರ ಜಾಗಕ್ಕೆ ಅಂಟಿಸುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಕಾನೂನು ಓದಿರಬೇಕಿಲ್ಲ. ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಶೀಟ್ ಸಾಕು. ಸಲಕ್ಕೆ ಒಂದೇ ಪ್ರಕರಣ ಹಿಡಿಯಿರಿ. ಎರಡು ಮೂರು ಒಟ್ಟಿಗೆ ಹಿಡಿದರೆ ಒಂದರ ವಿವರ ಇನ್ನೊಂದರ ಒಳಗೆ ಸೇರಿಕೊಳ್ಳುತ್ತದೆ.

ಹೆಜ್ಜೆ 1: ವಾಕ್ಯವನ್ನು ಒಡೆಯಿರಿ

ಒಂದು ತಲೆಬರಹ ತೆಗೆದುಕೊಳ್ಳೋಣ. ನಾನೇ ಮಾಡಿಕೊಂಡದ್ದು, ಆದರೆ ಇಂಥದ್ದನ್ನು ನೀವು ನೂರು ಸಲ ಓದಿರುತ್ತೀರಿ: ‘ಕೊಲೆಗೆ ಬಳಸಿದ ರಕ್ತಸಿಕ್ತ ಚಾಕು ಆರೋಪಿ ಮನೆಯಲ್ಲಿ ಪತ್ತೆ.’

ಒಂದೇ ಸಂಗತಿಯ ಹಾಗೆ ಕಾಣುತ್ತದೆ. ಒಡೆದು ನೋಡಿ.

ಒಂದು ಚಾಕು ಸಿಕ್ಕಿದೆ.
ಅದು ಸಿಕ್ಕಿದ್ದು ಆ ಮನೆಯಲ್ಲೇ.
ಆ ಮನೆಯಲ್ಲಿ ಇರುವುದು ಆರೋಪಿ. (ಬೇರೆ ಯಾರೆಲ್ಲ ಇದ್ದಾರೆ?)
ಚಾಕುವಿನ ಮೇಲಿರುವ ಕಲೆ ರಕ್ತದ್ದು.
ಅದು ಮನುಷ್ಯನ ರಕ್ತ.
ಸತ್ತವರದೇ ರಕ್ತ.
ದೇಹದ ಮೇಲಿನ ಗಾಯ ಆಗಿರುವುದು ಇದೇ ಚಾಕುವಿನಿಂದ.
ಆಗ ಚಾಕು ಹಿಡಿದಿದ್ದ ಕೈ ಆರೋಪಿಯದು.

ಎಂಟು ಮಾತು! ಮೊದಲ ಎರಡಕ್ಕೆ ಪೊಲೀಸರು ವಸ್ತು ವಶಪಡಿಸಿಕೊಂಡಾಗ ಬರೆದ ದಾಖಲೆ ಇರುತ್ತದೆ. ಕಲೆ ರಕ್ತವೇ, ಮನುಷ್ಯನದೇ, ಯಾರದು ಎಂಬ ಮೂರಕ್ಕೂ ಪ್ರಯೋಗಾಲಯ ಬೇರೆ ಬೇರೆ ಪರೀಕ್ಷೆ ಮಾಡಬೇಕು. ಏಳನೆಯದಕ್ಕೆ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಸಾಮಾನ್ಯವಾಗಿ ‘ಇಂಥ ಆಯುಧದಿಂದ ಇಂಥ ಗಾಯ ಆಗಬಹುದು’ ಎನ್ನುತ್ತಾರೆ. ‘ಇದೇ ಆಯುಧ’ ಎನ್ನುವುದು ಅಪರೂಪ. ಕೊನೆಯದನ್ನಂತೂ ತಲೆಬರಹ ಬಾಯಿಬಿಟ್ಟು ಹೇಳಿಯೇ ಇಲ್ಲ. ನಾವೇ ತಲೆಯಲ್ಲಿ ಸೇರಿಸಿಕೊಂಡೆವು.

ಒಂದು ವಾಕ್ಯದ ಅರ್ಧ ನಿಜವಾಗಿದ್ದು ಇನ್ನರ್ಧ ಸುಳ್ಳಾಗಿರಲು ಸಾಧ್ಯವಿದ್ದರೆ ಅದನ್ನು ಇನ್ನೂ ಒಡೆಯಬೇಕು. ವಿಶೇಷಣಗಳನ್ನು ಜಾಸ್ತಿ ಅನುಮಾನದಿಂದ ನೋಡಿ. ‘ಪೂರ್ವನಿಯೋಜಿತ’, ‘ಕಿರಾತಕ’, ‘ನಿಗೂಢ’. ಇವೆಲ್ಲ ತೀರ್ಮಾನಗಳು, ವೇಷ ಮಾತ್ರ ವಿವರಣೆಯದು. ಅಷ್ಟೇಕೆ, ‘ಕೊಲೆ’ ಎಂಬ ಪದವೇ ಒಂದು ತೀರ್ಮಾನ. ಮೊದಲು ಸಿಗುವುದು ಒಂದು ಸಾವು. ಅದು ಅಪಘಾತವೋ, ಆತ್ಮಹತ್ಯೆಯೋ, ಇನ್ನೊಬ್ಬರ ಕೈಯಿಂದ ಆದದ್ದೋ ಎಂಬುದು ಆಮೇಲೆ ಗೊತ್ತಾಗಬೇಕಾದ ಸಂಗತಿ.

ಹೆಜ್ಜೆ 2: ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು?

ಒಡೆದ ಪ್ರತಿ ತುಂಡಿನ ಮುಂದೆಯೂ ಈ ಎರಡು ಪ್ರಶ್ನೆಗೆ ಉತ್ತರ ಬರೆಯಿರಿ. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಬಿಟ್ಟುಬಿಡುತ್ತಾರೆ. ‘ಹಿರಿಯ ಅಧಿಕಾರಿ ಹೇಳಿದರು’ ಎಂದ ಕೂಡಲೇ ನಾವು ಸುಮ್ಮನಾಗುತ್ತೇವೆ. ಆದರೆ ಆ ಅಧಿಕಾರಿ ಸ್ಥಳಕ್ಕೆ ಹೋಗಿದ್ದರೇ? ಕೈಕೆಳಗಿನವರ ವರದಿ ಓದಿದ್ದರೇ? ಫೋನಿನಲ್ಲಿ ಕೇಳಿದ್ದರೇ?

ನಮ್ಮ ಸುದ್ದಿ ಭಾಷೆಯಲ್ಲೇ ಇದಕ್ಕೆ ಸುಳಿವು ಇರುತ್ತದೆ. ‘ಎನ್ನಲಾಗಿದೆ’ ಎಂದರೆ ಅಂದವರು ಯಾರು ಎಂದು ಬರೆದಿಲ್ಲ. ‘ತಿಳಿದುಬಂದಿದೆ’ ಎಂದರೆ ಎಲ್ಲಿಂದ ಬಂತು ಎಂದು ಹೇಳಿಲ್ಲ. ‘ಮೂಲಗಳ ಪ್ರಕಾರ’ ಎಂದರೆ ಮೂಲ ಒಂದೇ ಇರಬಹುದು. ‘ಶಂಕೆ ವ್ಯಕ್ತವಾಗಿದೆ’ ಎಂದರೆ ಶಂಕೆ ಪಟ್ಟವರು ಯಾರೂ ಆಗಿರಬಹುದು, ಬರೆದವರೂ ಸೇರಿ. ಈ ಪದಗಳು ಇರುವುದೇ ತಪ್ಪು ಅಂತಲ್ಲ. ಬರೆದವರು ಪ್ರಾಮಾಣಿಕವಾಗಿ ‘ಅಂತೆ’ ಇಟ್ಟಿದ್ದಾರೆ. ಓದುವ ನಾವು ಅದನ್ನು ಹಾರಿಸಿಕೊಂಡು ಓದುತ್ತೇವೆ.

ಈ ಹೆಜ್ಜೆಯಲ್ಲಿ ನಾನೂ ಎಡವಿದವನೇ. ನ್ಯೂಯಾರ್ಕ್‌ನ ಕಿಟ್ಟಿ ಜಿನೋವೀಸ್ ಕಥೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. 1964ರ ಮಾರ್ಚ್ 13ರ ನಸುಕಿನಲ್ಲಿ, ಕ್ವೀನ್ಸ್‌ನಲ್ಲಿ ತನ್ನ ಮನೆಯ ಹತ್ತಿರವೇ 28 ವರ್ಷದ ಈ ಹೆಣ್ಣುಮಗಳ ಕೊಲೆಯಾಯಿತು. ಎರಡು ವಾರದ ಬಳಿಕ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಒಂದು ವರದಿ ಬಂತು. ಅರ್ಧ ಗಂಟೆಗೂ ಹೆಚ್ಚು ಕಾಲ, ಮೂರು ಸಲ ನಡೆದ ಹಲ್ಲೆಯನ್ನು 38 ಜನ ನೋಡುತ್ತಾ ನಿಂತರು, ಹಲ್ಲೆ ನಡೆಯುವಾಗ ಒಬ್ಬರೂ ಪೊಲೀಸರನ್ನು ಕರೆಯಲಿಲ್ಲ ಎಂದು. ಓದಿದವರ ಮೈ ಜುಮ್ಮೆಂದಿತು. ಮನಃಶಾಸ್ತ್ರದ ಪಠ್ಯಪುಸ್ತಕಗಳಿಗೂ ಈ ಕಥೆ ಸೇರಿತು.

38 ಎಂಬ ಸಂಖ್ಯೆ ಎಲ್ಲಿಂದ ಬಂತು? ನಗರದ ಪೊಲೀಸ್ ಆಯುಕ್ತರು ಊಟಕ್ಕೆ ಕುಳಿತಾಗ ಪತ್ರಿಕೆಯ ಸಂಪಾದಕರೊಬ್ಬರಿಗೆ ಹೇಳಿದ ಮಾತು ಅದು. ಆಮೇಲೆ ದಾಖಲೆ ತೆಗೆದು ನೋಡಿದವರಿಗೆ ಬೇರೆ ಚಿತ್ರ ಸಿಕ್ಕಿತು. ಹಲ್ಲೆ ನಡೆದದ್ದು ಎರಡು ಸಲ. ಎರಡನೆಯದು ಕಟ್ಟಡದ ಹಿಂಭಾಗದ ಬಾಗಿಲ ಒಳಗೆ, ಹೆಚ್ಚಿನವರಿಗೆ ಕಾಣದ ಜಾಗದಲ್ಲಿ. ಬಹಳ ಜನ ಕೇಳಿದ್ದು ಕೂಗು ಮಾತ್ರ. ಒಬ್ಬರು ಕಿಟಕಿಯಿಂದ ಗದರಿದ್ದಕ್ಕೆ ಹಂತಕ ಮೊದಲು ಓಡಿಹೋಗಿದ್ದ. ನೆರೆಮನೆಯ ಒಬ್ಬ ಹೆಂಗಸು ಕೆಳಗಿಳಿದು ಬಂದು ಸಾಯುತ್ತಿದ್ದವಳನ್ನು ತೋಳಲ್ಲಿ ಹಿಡಿದುಕೊಂಡಿದ್ದರು. ಹಂತಕ ವಿನ್‌ಸ್ಟನ್ ಮೋಸ್ಲಿ 2016ರಲ್ಲಿ ಜೈಲಿನಲ್ಲೇ ಸತ್ತಾಗ, 38 ಜನ ಎಲ್ಲ ತಿಳಿದೂ ಸುಮ್ಮನಿದ್ದರು ಎಂಬ ತನ್ನ ಹಳೆಯ ಚಿತ್ರಣ ತಪ್ಪು ಎಂದು ಪತ್ರಿಕೆಯೇ ಬರೆಯಿತು.

ಇಲ್ಲಿ ಒಂದನ್ನು ಗಮನಿಸಿ. ಯಾರು ಕೊಂದರು, ಯಾವಾಗ, ಎಲ್ಲಿ ಎಂಬುದು ಅಲುಗಾಡಲೇ ಇಲ್ಲ. ಮೋಸ್ಲಿ ಮೇಲಿನ ಅಪರಾಧ 1964ರಲ್ಲೇ ಸಾಬೀತಾಗಿತ್ತು. ಕುಸಿದದ್ದು ಜನ ಅತಿ ಹೆಚ್ಚು ಸಲ ಹೇಳಿದ ಭಾಗ. ಸಾವಿರ ಕಡೆ ಬಂದಿದ್ದರೂ ಎಲ್ಲದರ ಬೇರು ಆ ಒಂದು ವರದಿಯೇ ಆಗಿತ್ತು. ಹಾಗಾಗಿ ಎಷ್ಟು ಕಡೆ ಬಂದಿದೆ ಎಂದು ಎಣಿಸಬೇಡಿ. ಎಷ್ಟು ಬೇರಿದೆ ಎಂದು ಎಣಿಸಿ. ಹತ್ತು ಚಾನೆಲ್ ಒಂದೇ ಪತ್ರಿಕಾಗೋಷ್ಠಿಯನ್ನು ಹೇಳಿದರೆ ಅದು ಒಂದು ಮೂಲ. ಇದನ್ನು ಪತ್ತೆ ಮಾಡಲು ಒಂದು ಸುಲಭ ಉಪಾಯವಿದೆ. ಬೇರೆ ಬೇರೆ ವರದಿಯಲ್ಲಿ ಒಂದೇ ತಪ್ಪು ಇದ್ದರೆ, ಉದಾಹರಣೆಗೆ ಒಂದೇ ತಪ್ಪು ವಯಸ್ಸು, ಒಬ್ಬರಿಂದೊಬ್ಬರು ನಕಲು ಮಾಡಿದ್ದಾರೆ ಎಂದೇ ಲೆಕ್ಕ.

ಹೆಜ್ಜೆ 3: ಈ ಮಾತು ಯಾವ ಹಂತದ್ದು?

ಕೊಲೆ ಪ್ರಕರಣ ಬಹಳ ನಿಧಾನವಾಗಿ ಹಣ್ಣಾಗುತ್ತದೆ. ದೂರು, ಪೊಲೀಸರ ಹೇಳಿಕೆ, ಬಂಧನ, ದೋಷಾರೋಪ ಪಟ್ಟಿ, ವಿಚಾರಣೆ, ತೀರ್ಪು, ಮೇಲ್ಮನವಿ. ದೇಶದಿಂದ ದೇಶಕ್ಕೆ ಹೆಸರು ಬದಲಾಗುತ್ತದೆ, ಸಾಗುವ ದಾರಿ ಹೆಚ್ಚುಕಡಿಮೆ ಇದೇ. ನಿಮ್ಮ ಹಾಳೆಯಲ್ಲಿರುವ ಪ್ರತಿ ತುಂಡಿನ ಮುಂದೆ ಅದು ಯಾವ ಹಂತದಲ್ಲಿ ಬಂದ ಮಾತು ಎಂದು ಬರೆಯಿರಿ.

ದೂರು ಅಂದರೆ ಒಬ್ಬರು ಬಂದು ಹೇಳಿದ್ದು. ಬಂಧನ ಅಂದರೆ ಅನುಮಾನ ಇದೆ ಎಂದಷ್ಟೇ. ದೋಷಾರೋಪ ಪಟ್ಟಿ ಎಷ್ಟೇ ದಪ್ಪ ಇರಲಿ, ಅದು ಒಂದು ಪಕ್ಷದ ವಾದ. ಇದನ್ನು ಜನ ಬಹಳ ಮರೆಯುತ್ತಾರೆ. ಸಾವಿರಾರು ಪುಟದ ದೋಷಾರೋಪ ಪಟ್ಟಿ ಸಲ್ಲಿಕೆ ಎಂದು ಓದಿದಾಗ ಪುಟಗಳ ಭಾರಕ್ಕೇ ನಾವು ಸೋತುಬಿಡುತ್ತೇವೆ. ಆರೋಪಿಯ ವಕೀಲರು ಹೇಳುವ ಕಥೆಯೂ ಅಷ್ಟೇ, ಅದೂ ಒಂದು ಪಕ್ಷದ್ದು.

ಸಾಕ್ಷಿ ನ್ಯಾಯಾಲಯದಲ್ಲಿ ನಿಂತು ಹೇಳಿದ ಮಾತಿಗೆ ತೂಕ ಜಾಸ್ತಿ. ಪ್ರಮಾಣ ಮಾಡಿ ಹೇಳಿದ್ದು ಎಂಬುದೊಂದೇ ಅದಕ್ಕೆ ಕಾರಣವಲ್ಲ. ಆ ಮಾತು ಪಾಟೀ ಸವಾಲು ದಾಟಿ ಬರಬೇಕು. ಎದುರು ಪಕ್ಷದ ವಕೀಲರು ಅದನ್ನು ಎಳೆದು, ಹಿಂಡಿ ನೋಡಿರುತ್ತಾರೆ. ಆದ್ದರಿಂದ ಸಾಕ್ಷಿ ಹೇಳಿದ ದಿನದ ವರದಿ ಓದಿ ನಿಲ್ಲಿಸಬೇಡಿ. ಪಾಟೀ ಸವಾಲಿನ ದಿನ ಏನಾಯಿತು ಎಂದೂ ಹುಡುಕಿ. ಅದು ಸಾಮಾನ್ಯವಾಗಿ ಒಳಪುಟದ ಮೂಲೆಯಲ್ಲಿ ಇರುತ್ತದೆ.

ತೀರ್ಪಿನ ಅರ್ಥವನ್ನೂ ಸರಿಯಾಗಿ ಹಿಡಿಯಬೇಕು. ಖುಲಾಸೆ ಎಂದರೆ ‘ಇವನು ಮಾಡಿಲ್ಲ ಎಂದು ಸಾಬೀತಾಯಿತು’ ಎಂದಲ್ಲ. ‘ಮಾಡಿದ್ದಾನೆ ಎಂದು ಸಾಬೀತಾಗಲಿಲ್ಲ’ ಎಂದು. ಅಮೆರಿಕದ ಓ.ಜೆ. ಸಿಂಪ್ಸನ್‌ರನ್ನು ಎರಡು ಕೊಲೆಗಳ ಆರೋಪದಿಂದ 1995ರಲ್ಲಿ ಬಿಡುಗಡೆ ಮಾಡಲಾಯಿತು. 1997ರಲ್ಲಿ ಅವೇ ಸಾವುಗಳ ಬಗ್ಗೆ ಸಿವಿಲ್ ದಾವೆಯಲ್ಲಿ ಬೇರೆ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಅವರನ್ನೇ ಹೊಣೆ ಮಾಡಿತು. ಎರಡೂ ಒಟ್ಟಿಗೆ ನಿಲ್ಲುತ್ತವೆ. ಯಾಕೆಂದರೆ ಕ್ರಿಮಿನಲ್ ಪ್ರಕರಣದಲ್ಲಿ ಸಮಂಜಸ ಅನುಮಾನಕ್ಕೆ ಎಡೆಯೇ ಇರಬಾರದು. ಸಿವಿಲ್‌ನಲ್ಲಿ ಯಾವ ಕಡೆ ತಕ್ಕಡಿ ವಾಲಿದೆ ಎಂದು ನೋಡಿದರೆ ಸಾಕು.

ಹಾಗಾದರೆ ಶಿಕ್ಷೆಯಾದ ಮೇಲೆ ಎಲ್ಲ ಗಟ್ಟಿ ಅಲ್ವಾ? ಬಹುಪಾಲು ಹೌದು, ಯಾವಾಗಲೂ ಅಲ್ಲ. ಲಂಡನ್ನಿನ ತಿಮೊಥಿ ಇವಾನ್ಸ್ ತನ್ನ ಪುಟ್ಟ ಮಗಳನ್ನು ಕೊಂದನೆಂದು 1950ರ ಮಾರ್ಚ್‌ನಲ್ಲಿ ಗಲ್ಲಿಗೇರಿದ. ಅವನ ಹೆಂಡತಿಯೂ ಅದೇ ಮನೆಯಲ್ಲಿ ಕೊಲೆಯಾಗಿದ್ದಳು. ಅವನು ಪೊಲೀಸರ ಮುಂದೆ ತಪ್ಪೊಪ್ಪಿಕೊಂಡಿದ್ದ. ಆದರೆ ಒಂದು ಸಲ ಒಂದು ಥರ, ಇನ್ನೊಂದು ಸಲ ಇನ್ನೊಂದು ಥರ ಹೇಳಿದ್ದ. ಅವನ ವಿರುದ್ಧ ಮುಖ್ಯ ಸಾಕ್ಷಿ ಕೆಳಗಿನ ಮನೆಯಲ್ಲಿದ್ದ ಜಾನ್ ಕ್ರಿಸ್ಟಿ. ಮೂರು ವರ್ಷದ ಬಳಿಕ, 1953ರಲ್ಲಿ, ಅದೇ ಕಟ್ಟಡದಲ್ಲಿ ಕ್ರಿಸ್ಟಿ ಕೊಂದು ಅಡಗಿಸಿದ್ದ ಹೆಂಗಸರ ಶವಗಳು ಸಿಕ್ಕವು. ಇವಾನ್ಸ್‌ನ ಹೆಂಡತಿಯನ್ನು ಕೊಂದದ್ದೂ ತಾನೇ ಎಂದು ಕ್ರಿಸ್ಟಿ ಹೇಳಿದ. ಇವಾನ್ಸ್‌ಗೆ ಮರಣೋತ್ತರ ಕ್ಷಮಾದಾನ ಸಿಕ್ಕಿದ್ದು 1966ರಲ್ಲಿ.

ತಪ್ಪೊಪ್ಪಿಗೆ ಬಂದ ಕೂಡಲೇ ಪ್ರಕರಣ ಮುಗಿಯಿತು ಅನ್ನಿಸುವುದು ಸಹಜ. ಅಲ್ಲಿ ಕೇಳಬೇಕಾದ್ದು: ಅದರಲ್ಲಿ ಕೊಂದವನಿಗೆ ಮಾತ್ರ ಗೊತ್ತಿರಬಹುದಾದ ವಿವರ ಏನಾದರೂ ಇದೆಯೇ? ತನಿಖೆಯವರು ಬೇಕೆಂದೇ ಕೆಲವು ವಿವರಗಳನ್ನು ಹೊರಗೆ ಬಿಡುವುದಿಲ್ಲ. ತಪ್ಪೊಪ್ಪಿಗೆಯನ್ನು ಅದರೊಂದಿಗೆ ಹೋಲಿಸಿ ನೋಡಲು. ಪತ್ರಿಕೆಯಲ್ಲಿ ಆಗಲೇ ಬಂದದ್ದನ್ನೇ ತಿರುಗಿಸಿ ಹೇಳಿದ್ದರೆ, ಅಥವಾ ಪ್ರಶ್ನೆಯಲ್ಲೇ ಉತ್ತರ ಇಟ್ಟು ಕೇಳಿದ್ದರೆ, ಅದರ ತೂಕ ಬಹಳ ಕಡಿಮೆ.

ಹೆಜ್ಜೆ 4: ವಿಜ್ಞಾನ ಏನು ಹೇಳಿತು, ಏನು ಹೇಳಲಿಲ್ಲ

‘ಡಿಎನ್‌ಎ ಹೊಂದಿಕೆಯಾಗಿದೆ’ ಎಂದರೆ ವಾದ ಮುಗಿದ ಹಾಗೆ ಕೇಳಿಸುತ್ತದೆ. ಜರ್ಮನಿಯ ಹೈಲ್‌ಬ್ರಾನ್ ಕಥೆ ಕೇಳಿ. 2007ರಲ್ಲಿ ಅಲ್ಲಿ ಕರ್ತವ್ಯದಲ್ಲಿದ್ದ ಮಹಿಳಾ ಪೊಲೀಸ್ ಒಬ್ಬರ ಕೊಲೆಯಾಯಿತು. ಅಲ್ಲಿ ಸಿಕ್ಕ ಡಿಎನ್‌ಎ ಒಬ್ಬ ಹೆಂಗಸಿನದು. ಅದೇ ಡಿಎನ್‌ಎ ಹಳೆಯ ಕೊಲೆಗಳಲ್ಲಿ, ಕಳ್ಳತನಗಳಲ್ಲಿ, ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳಲ್ಲಿ ಸುಮಾರು 40 ಕಡೆ ಸಿಕ್ಕಿತ್ತು. ಪೊಲೀಸರು ವರ್ಷಗಟ್ಟಲೆ ಒಬ್ಬ ಮಾಯಾವಿ ಹಂತಕಿಯನ್ನು ಹುಡುಕಿದರು. 2009ರಲ್ಲಿ ಗುಟ್ಟು ಬಯಲಾಯಿತು. ಮಾದರಿ ಒರೆಸಿ ತೆಗೆಯುವ ಹತ್ತಿಯ ಕಡ್ಡಿಗಳ ಮೇಲೆ, ಅವನ್ನು ತಯಾರಿಸಿ ಕಳಿಸುವ ಕೆಲಸದಲ್ಲಿದ್ದ ಹೆಂಗಸಿನ ಡಿಎನ್‌ಎ ಮೊದಲೇ ಅಂಟಿತ್ತು! ಕಡ್ಡಿಗಳಲ್ಲಿ ರೋಗಾಣು ಇರಲಿಲ್ಲ, ಡಿಎನ್‌ಎ ಇತ್ತು.

ಪ್ರಯೋಗಾಲಯ ಸುಳ್ಳು ಹೇಳಲಿಲ್ಲ. ‘ಈ ಎರಡು ಮಾದರಿ ಒಂದೇ ವ್ಯಕ್ತಿಯದು’ ಎಂದಿತು, ಅದು ಸರಿಯೇ. ‘ಆ ವ್ಯಕ್ತಿ ಅಲ್ಲಿದ್ದಳು’ ಎಂಬುದನ್ನು ಸೇರಿಸಿದವರು ಬೇರೆಯವರು. ಪ್ರತಿ ಪರೀಕ್ಷೆಗೂ ಒಂದು ಸಣ್ಣ ಪ್ರಶ್ನೆ ಇರುತ್ತದೆ. ಅದು ಉತ್ತರಿಸುವುದು ಅಷ್ಟಕ್ಕೇ. ಡಿಎನ್‌ಎ ಯಾರದು ಎನ್ನುತ್ತದೆ. ಯಾವಾಗ ಬಂತು, ಹೇಗೆ ಬಂತು ಎನ್ನುವುದಿಲ್ಲ. ಮೊಬೈಲ್ ಟವರ್ ದಾಖಲೆ ಫೋನು ಯಾವ ಸುತ್ತಳತೆಯಲ್ಲಿತ್ತು ಎನ್ನುತ್ತದೆ. ಫೋನು ಯಾರ ಜೇಬಿನಲ್ಲಿತ್ತು ಎನ್ನುವುದಿಲ್ಲ. ಲೂಮಿನಾಲ್ ಎಂಬ ರಾಸಾಯನಿಕ ಸಿಂಪಡಿಸಿದಾಗ ನೀಲಿ ಹೊಳಪು ಬಂದರೆ ರಕ್ತ ಇರಬಹುದು. ಬ್ಲೀಚ್ ಇದ್ದರೂ ಹೊಳೆಯುತ್ತದೆ. ಹಾಗಾಗಿ ಅದು ಹುಡುಕುವ ಪರೀಕ್ಷೆ, ಖಚಿತಪಡಿಸುವುದಲ್ಲ. ಸಿಸಿಟಿವಿ ಚಿತ್ರದ ಮೂಲೆಯಲ್ಲಿರುವ ಸಮಯವನ್ನೂ ನಂಬುವ ಮೊದಲು ಆ ಯಂತ್ರದ ಗಡಿಯಾರ ಸರಿ ಇತ್ತೇ ಎಂದು ಯಾರಾದರೂ ನೋಡಿದ್ದಾರೆಯೇ ಎಂದು ಹುಡುಕಿ.

ಸಾವಿನ ಸಮಯದ ಬಗ್ಗೆ ಓದುಗರಲ್ಲಿ ತಪ್ಪು ಕಲ್ಪನೆ ಜಾಸ್ತಿ. ಸತ್ತ ಮೇಲೆ ದೇಹ ತಣ್ಣಗಾಗುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಯೊಳಗೆ ಸೆಟೆಯಲು ಶುರುವಾಗುತ್ತದೆ. ಸುಮಾರು 12 ಗಂಟೆಗೆ ಪೂರ್ತಿ ಸೆಟೆದು, ಒಂದೆರಡು ದಿನದಲ್ಲಿ ಮತ್ತೆ ಸಡಿಲವಾಗುತ್ತದೆ. ಸೆಕೆ, ಚಳಿ, ಬಟ್ಟೆ, ಮೈಕಟ್ಟು, ಎಲ್ಲದರಿಂದಲೂ ಈ ಲೆಕ್ಕ ಹಿಂದೆ ಮುಂದೆ ಆಗುತ್ತದೆ. ಆದ್ದರಿಂದ ವೈದ್ಯರು ಕೊಡುವುದು ‘ಇಷ್ಟರಿಂದ ಇಷ್ಟು ಗಂಟೆಯ ನಡುವೆ’ ಎಂಬ ಅವಧಿ. ‘ರಾತ್ರಿ 10.15ಕ್ಕೆ ಕೊಲೆ’ ಎಂದು ಓದಿದರೆ ಆ ನಿಮಿಷ ಬೇರೆಲ್ಲಿಂದಲೋ ಬಂದಿದೆ. ಎಲ್ಲಿಂದ ಎಂದು ಹುಡುಕಿ.

ಕೆಲವು ‘ವಿಜ್ಞಾನ’ ತಾನೇ ದುರ್ಬಲವಾಗಿರುತ್ತದೆ. ಅಮೆರಿಕದ ಎಫ್‌ಬಿಐ ತನ್ನ ತಜ್ಞರು ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನುಡಿದ ಸಾಕ್ಷ್ಯಗಳನ್ನು ಮರುಪರಿಶೀಲಿಸಿತು. ತಜ್ಞರ ಮಾತನ್ನು ಆರೋಪಿಯ ವಿರುದ್ಧ ಬಳಸಿದ್ದ 268 ವಿಚಾರಣೆಗಳನ್ನು ನೋಡಿದಾಗ, ಶೇ. 95ಕ್ಕೂ ಹೆಚ್ಚಿನವುಗಳಲ್ಲಿ ವಿಜ್ಞಾನಕ್ಕೆ ಮೀರಿದ ಮಾತು ಹೇಳಿದ್ದರು ಎಂದು 2015ರಲ್ಲಿ ಹೊರಬಿತ್ತು.

ಇನ್ನು ಕಣ್ಣಾರೆ ಕಂಡವರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇರುವುದೇ ಇಂಥ ಕಡೆಗೆ. ಬೆಳಕು ಎಷ್ಟಿತ್ತು, ದೂರ ಎಷ್ಟು, ಗುರುತು ಹಿಡಿದದ್ದು ಟಿವಿಯಲ್ಲಿ ಫೋಟೊ ಬರುವ ಮೊದಲೋ ಆಮೇಲೋ? ಆಮೇಲೆ ಎಂದಾದರೆ ಆ ಮಾತಿಗೆ ಒಂದು ಕಾಲು ಕಡಿಮೆ.

ಹೆಜ್ಜೆ 5: ಎಲ್ಲರಿಗೂ ‘ಗೊತ್ತಿರುವ’ ವಿವರವನ್ನೇ ಮೊದಲು ಹಿಡಿಯಿರಿ

ಹಳೆಯ, ಹೆಸರಾದ ಪ್ರಕರಣಗಳಲ್ಲಿ ಈ ಹೆಜ್ಜೆ ಬಹಳ ಮಜಾ ಕೊಡುತ್ತದೆ. 1888ರ ಲಂಡನ್ ಕೊಲೆಗಳ ‘ಜ್ಯಾಕ್ ದ ರಿಪ್ಪರ್’ ತೆಗೆದುಕೊಳ್ಳಿ. ಆ ಹೆಸರೇ ಸಾಬೀತಾಗದ ಮಾತು. ಕೊಲೆಗಾರನೇ ಬರೆದದ್ದೆಂದು ಹೇಳಿಕೊಂಡು ಒಂದು ಸುದ್ದಿಸಂಸ್ಥೆಗೆ ಬಂದ ಪತ್ರದಲ್ಲಿ ಅದು ಮೊದಲು ಕಂಡಿತು. ಪತ್ರಕರ್ತನೊಬ್ಬನ ಕೈವಾಡ ಎಂದು ಪೊಲೀಸ್ ಅಧಿಕಾರಿಗಳೇ ಅನುಮಾನಿಸಿದ್ದರು. ಕೊಲೆಗಳು ಎಷ್ಟು? ಎಲ್ಲರೂ ಐದು ಎನ್ನುತ್ತಾರೆ. ಪೊಲೀಸ್ ಕಡತದಲ್ಲಿ ಇರುವುದು 1888ರಿಂದ 1891ರವರೆಗಿನ 11. ಐದು ಎಂಬ ಎಣಿಕೆ ಗಟ್ಟಿಯಾದದ್ದು ಮೆಲ್ವಿಲ್ ಮೆಕ್‌ನಾಟನ್ ಎಂಬ ಅಧಿಕಾರಿ 1894ರಲ್ಲಿ ಬರೆದ ಟಿಪ್ಪಣಿಯಿಂದ. ಅವರು ಇಲಾಖೆ ಸೇರಿದ್ದು 1889ರಲ್ಲಿ, ಆ ಐದೂ ನಡೆದ ಮೇಲೆ. ಅದೇ ಟಿಪ್ಪಣಿಯ ಕರಡು ಪ್ರತಿಯಲ್ಲಿ ಅವರು ಹೆಸರಿಸಿದ ಶಂಕಿತರಲ್ಲಿ ಒಬ್ಬರಾದ ಡ್ರೂಯಿಟ್ 41 ವರ್ಷದ ವೈದ್ಯ ಎಂದಿದ್ದಾರೆ. ನಿಜಕ್ಕೂ ಅವರು 31 ವರ್ಷದ ವಕೀಲ, ಶಾಲೆಯಲ್ಲಿ ಪಾಠವನ್ನೂ ಮಾಡುತ್ತಿದ್ದರು. ಸುಲಭವಾಗಿ ತಿಳಿಯಬಹುದಾದ ವಯಸ್ಸು, ಉದ್ಯೋಗವೇ ತಪ್ಪಾಗಿರುವ ಕಾಗದ ಕೊಲೆಗಾರನ ಬಗ್ಗೆ ಹೇಳುವುದನ್ನು ಎಷ್ಟು ನಂಬಬೇಕು?

ಅಮೆರಿಕದ ಲಿಜ್ಜಿ ಬೋರ್ಡನ್ ಪ್ರಕರಣ ಇನ್ನೊಂದು. 1892ರಲ್ಲಿ ಅವಳ ತಂದೆ ಮತ್ತು ಮಲತಾಯಿ ಕೊಲೆಯಾದರು. ಮಕ್ಕಳು ಹಾಡುವ ಒಂದು ಪ್ರಾಸ ಅವಳು ತಾಯಿಗೆ 40, ತಂದೆಗೆ 41 ಏಟು ಕೊಟ್ಟಳು ಎನ್ನುತ್ತದೆ. ಶವಪರೀಕ್ಷೆಯ ಲೆಕ್ಕದಲ್ಲಿ ಮಲತಾಯಿಗೆ ಸುಮಾರು 19, ತಂದೆಗೆ ಸುಮಾರು 10. ಸತ್ತವಳು ಹೆತ್ತ ತಾಯಿಯಲ್ಲ. ಮುಖ್ಯವಾಗಿ, 1893ರ ಜೂನ್‌ನಲ್ಲಿ ಜ್ಯೂರಿ ಲಿಜ್ಜಿಯನ್ನು ಖುಲಾಸೆ ಮಾಡಿತು. ಇಷ್ಟಾದರೂ ಜನರ ಬಾಯಲ್ಲಿ ಉಳಿದಿರುವುದು ಪ್ರಾಸವೇ.

ದುಂಡಗಿನ ಸಂಖ್ಯೆ, ಬಾಯಲ್ಲಿ ನಿಲ್ಲುವ ಅಡ್ಡಹೆಸರು, ಸತ್ತವರ ‘ಕೊನೆಯ ಮಾತು’, ಸಿನಿಮಾದಂಥ ತಿರುವು. ಇವು ಕಂಡಲ್ಲಿ ನಿಲ್ಲಿ. ಹಾಗೆಯೇ ‘ಅವಳು ಅಳಲೇ ಇಲ್ಲ’, ‘ಅವನ ಮುಖದಲ್ಲಿ ಪಶ್ಚಾತ್ತಾಪವೇ ಇರಲಿಲ್ಲ’ ಎಂಬ ಮಾತುಗಳನ್ನು ನಾನಂತೂ ಹಾಳೆಯಿಂದಲೇ ಹೊರಗಿಡುತ್ತೇನೆ. ಆಘಾತದಲ್ಲಿ ಜನ ಹೇಗೆ ಬೇಕಾದರೂ ಇರುತ್ತಾರೆ.

ಹೆಜ್ಜೆ 6: ಚೀಟಿ ಅಂಟಿಸಿ

ನನ್ನ ಹಾಳೆಯಲ್ಲಿ ನಾಲ್ಕೇ ಚೀಟಿ. ‘ಗಟ್ಟಿ’ ಎಂದರೆ ಎರಡು ಬೇರೆ ಬೇರೆ ಬೇರಿನಿಂದ ಬಂದದ್ದು, ಅಥವಾ ನ್ಯಾಯಾಲಯ ಪರೀಕ್ಷಿಸಿ ಒಪ್ಪಿದ್ದು, ಅಥವಾ ಎರಡೂ ಪಕ್ಷ ತಕರಾರು ತೆಗೆಯದೆ ಇದ್ದದ್ದು. ಕೊನೆಯದನ್ನು ಜನ ನೋಡುವುದೇ ಇಲ್ಲ, ಆದರೆ ಅದು ಬಂಗಾರ. ‘ಒಂಟಿ ಕಾಲು’ ಎಂದರೆ ಹೆಸರಿರುವ ಒಬ್ಬರು, ತಮಗೆ ಹೇಗೆ ಗೊತ್ತು ಎಂದು ಹೇಳಿ, ಹೇಳಿದ್ದು. ‘ಅಂತೆ’ ಎಂದರೆ ಹೇಳಿದವರೋ ಹೇಗೆ ಗೊತ್ತು ಎಂಬುದೋ ಕಾಣೆ. ‘ಬಿದ್ದದ್ದು’ ಎಂದರೆ ತಪ್ಪೆಂದು ತೋರಿದ್ದು.

ಬಿದ್ದದ್ದನ್ನು ಅಳಿಸಬೇಡಿ. ಒಂದು ಗೀಟು ಹಾಕಿ, ಯಾಕೆ ಬಿತ್ತು ಎಂದು ಪಕ್ಕದಲ್ಲಿ ಬರೆಯಿರಿ. ಅದು ಆರು ತಿಂಗಳ ಬಳಿಕ ಹೊಸ ಬಟ್ಟೆ ಹಾಕಿಕೊಂಡು ಮತ್ತೆ ಬಂದೇ ಬರುತ್ತದೆ. ಎರಡು ತುಂಡು ಒಂದಕ್ಕೊಂದು ಹೊಂದದಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ಸರಾಸರಿ ತೆಗೆಯಲು ಹೋಗಬೇಡಿ. ಒಬ್ಬರು ಒಂಬತ್ತಕ್ಕೆ ಕಂಡೆ, ಇನ್ನೊಬ್ಬರು ಹನ್ನೊಂದಕ್ಕೆ ಕಂಡೆ ಎಂದರೆ ಹತ್ತಕ್ಕೆ ಬಂದ ಎಂದು ಅರ್ಥವಲ್ಲ.

ಮೊದಲ ಸಲ ಮಾಡಿದಾಗ ‘ಗಟ್ಟಿ’ ಸಾಲು ಎಷ್ಟು ಚಿಕ್ಕದು ಎಂದು ಬೇಜಾರಾಗಬಹುದು. ತಿಂಗಳುಗಟ್ಟಲೆ ಓದಿದ ಪ್ರಕರಣದಲ್ಲೂ ಕೆಲವೊಮ್ಮೆ ಹತ್ತು ಹನ್ನೆರಡು ಸಾಲಿಗಿಂತ ಹೆಚ್ಚು ಉಳಿಯುವುದಿಲ್ಲ. ನೀವು ಕೆಲಸ ತಪ್ಪು ಮಾಡಿದ್ದೀರಿ ಎಂದಲ್ಲ.

ಹೆಜ್ಜೆ 7: ಇನ್ನೊಬ್ಬರಿಗೆ ಹೇಳುವಾಗ

ತೀರ್ಪಿಗೆ ಮೊದಲು ‘ಆರೋಪಿ’, ಅಪರಾಧ ಸಾಬೀತಾದ ಮೇಲೆ ‘ಅಪರಾಧಿ’. ಪೊಲೀಸರು ಕರೆದು ವಿಚಾರಿಸಿದ ಮಾತ್ರಕ್ಕೆ ಯಾರೂ ಆರೋಪಿಯೂ ಅಲ್ಲ. ‘ಅವನು ಕೊಂದ’ ಬದಲು ‘ಅವನು ಕೊಂದನೆಂದು ದೋಷಾರೋಪ ಪಟ್ಟಿ ಹೇಳುತ್ತದೆ’ ಎನ್ನಿ. ವಾಕ್ಯ ಸ್ವಲ್ಪ ಉದ್ದವಾಗುತ್ತದೆ, ಆಗಲಿ. ‘ಅಂತೆ’ ಚೀಟಿಯ ಮಾತಿನಲ್ಲಿ ಬದುಕಿರುವ ಯಾರದಾದರೂ ಹೆಸರಿದ್ದರೆ ಸುಮ್ನೆ ನಿಮ್ಮ ಹಾಳೆಯಲ್ಲೇ ಬಿಟ್ಟುಬಿಡಿ, ಮುಂದೆ ಕಳಿಸಬೇಡಿ.

ಪ್ರತಿ ಚೀಟಿಯ ಪಕ್ಕ ತಾರೀಕು ಹಾಕಿ. ದೋಷಾರೋಪ ಪಟ್ಟಿ ಬಂದಾಗ, ಪಾಟೀ ಸವಾಲು ಮುಗಿದಾಗ, ತೀರ್ಪು ಬಂದಾಗ, ಮೇಲ್ಮನವಿ ಇತ್ಯರ್ಥವಾದಾಗ ಹಾಳೆಯನ್ನು ಮೊದಲಿನಿಂದ ಓದಿ ಚೀಟಿ ಬದಲಿಸಿ. ಇವಾನ್ಸ್ ಪ್ರಕರಣದ ಹಾಳೆಯನ್ನು 1950ರಲ್ಲಿ ತುಂಬಿಸಿದವರು 1953ರಲ್ಲಿ ಒಂದು ಸಲ, 1966ರಲ್ಲಿ ಇನ್ನೊಂದು ಸಲ ಅದನ್ನು ತೆರೆಯಬೇಕಾಗುತ್ತಿತ್ತು.